ಸಿಯಾಟಲ್‌ನಿಂದ ವಿಟಿಯರ್‌ಗೆ ಬಾರ್ಜ್ ಮೇಲೆ ವ್ಯಾಗನ್: ನಾಲ್ಕು ವರ್ಷ ಬಳಸಿದವನ ವಿಮರ್ಶೆ

ಅಲಾಸ್ಕಾದ ಆಂಕರೇಜ್ ನಗರದಲ್ಲಿ ಕಟ್ಟಡ ಸಾಮಗ್ರಿ ಪೂರೈಸುವ ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಉಕ್ಕಿನ ಪೈಪು, ಮರದ ತೊಲೆ, ಛಾವಣಿಯ ತಗಡು ಮುಂತಾದ ಭಾರದ ಸರಕನ್ನು ಅಮೆರಿಕದ ಉಳಿದ ರಾಜ್ಯಗಳಿಂದ ಇಲ್ಲಿಗೆ ತರಿಸುವುದು ನನ್ನ ಹೊಣೆ. ಕಳೆದ ನಾಲ್ಕು ವರ್ಷಗಳಿಂದ ಈ ಸರಕಿನ ದೊಡ್ಡ ಪಾಲನ್ನು, ಅಲಾಸ್ಕಾ ರೈಲ್‌ರೋಡ್ ಮತ್ತು ಲಿಂಡನ್ ಸಮೂಹದ ಅಲಾಸ್ಕಾ ಮರೀನ್ ಲೈನ್ಸ್ ಕೂಡಿ ನಡೆಸುವ ರೈಲು ಬಾರ್ಜ್ ಸೇವೆಯ ಮೂಲಕವೇ ತರಿಸುತ್ತಿದ್ದೇನೆ. ಸರಕು ತುಂಬಿದ ರೈಲ್ವೆ ವ್ಯಾಗನ್‌ಗಳನ್ನು ಸಿಯಾಟಲ್‌ನಲ್ಲಿ ಇಡಿಯಾಗಿ ಬಾರ್ಜ್ ಎಂಬ ಚಪ್ಪಟೆ ಸರಕು ದೋಣಿಯ ಮೇಲೆ ಹತ್ತಿಸಿ, ಕಡಲಿನಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಟಗ್ ದೋಣಿಯಿಂದ ಎಳೆದು ತಂದು, ವಿಟಿಯರ್ ಎಂಬ ಸಣ್ಣ ಬಂದರಿನಲ್ಲಿ ಮತ್ತೆ ಹಳಿಗೆ ಇಳಿಸುವ ಸೇವೆ ಇದು. ಅಮೆರಿಕದಲ್ಲಿ ಸರಕು ಸಾಗಣೆಯ ಕೆಲಸದಲ್ಲಿರುವ ಕನ್ನಡಿಗರು ಈಗ ಅನೇಕರಿದ್ದಾರೆ; ಅವರಲ್ಲಿ ಕೆಲವರಿಗಾದರೂ ಅಲಾಸ್ಕಾಕ್ಕೆ ಸರಕು ಕಳುಹಿಸುವ ಸಂದರ್ಭ ಬರಬಹುದೆಂಬ ಕಾರಣಕ್ಕೆ ನನ್ನ ಅನುಭವವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಇಂಥದೊಂದು ಸೇವೆ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಅಲಾಸ್ಕಾ ರೈಲ್‌ರೋಡ್‌ನ ಮುಖ್ಯ ಮಾರ್ಗ ದಕ್ಷಿಣದ ಸೀವರ್ಡ್ ಬಂದರಿನಿಂದ ಆಂಕರೇಜ್ ಮೂಲಕ ಉತ್ತರದ ಫೇರ್‌ಬ್ಯಾಂಕ್ಸ್‌ವರೆಗೆ ಸುಮಾರು 750 ಕಿಲೋಮೀಟರ್ ಸಾಗುತ್ತದೆ. 1923ರ ಜುಲೈ ತಿಂಗಳಲ್ಲಿ ಅಂದಿನ ಅಧ್ಯಕ್ಷ ವಾರನ್ ಹಾರ್ಡಿಂಗ್ ಅವರು ನೆನಾನಾ ಎಂಬಲ್ಲಿಗೆ ಬಂದು ಚಿನ್ನದ ಮೊಳೆ ಹೊಡೆದು ಈ ಮಾರ್ಗವನ್ನು ಪೂರ್ಣಗೊಳಿಸಿದರು. ಕೇಂದ್ರ ಸರ್ಕಾರದ ಕೈಯಲ್ಲಿದ್ದ ಈ ರೈಲ್ವೆಯನ್ನು 1985ರಲ್ಲಿ ಅಲಾಸ್ಕಾ ರಾಜ್ಯವು 22.3 ಮಿಲಿಯನ್ ಡಾಲರ್ ಕೊಟ್ಟು ಕೊಂಡುಕೊಂಡಿತು. ನೂರು ವರ್ಷ ದಾಟಿದರೂ ಈ ಹಳಿ ಉತ್ತರ ಅಮೆರಿಕದ ಉಳಿದ ಯಾವ ರೈಲು ಮಾರ್ಗಕ್ಕೂ ನೆಲದ ಮೇಲೆ ಸೇರಿಲ್ಲ. ಕೆನಡಾದ ಕಡೆಯಿಂದ ಅಲಾಸ್ಕಾದತ್ತ ಬರುವ ಹಳಿ ಬ್ರಿಟಿಷ್ ಕೊಲಂಬಿಯಾದ ಫೋರ್ಟ್ ನೆಲ್ಸನ್‌ನಲ್ಲಿಯೇ ಮುಗಿಯುತ್ತದೆ. ನಡುವೆ ಉಳಿಯುವುದು ಬೆಟ್ಟ, ಕಾಡು ಮತ್ತು ಹಿಮದ ನೆಲ. ಆಲ್ಬರ್ಟಾದಿಂದ ಅಲಾಸ್ಕಾಕ್ಕೆ ಹೊಸ ಮಾರ್ಗ ಹಾಕುವ ಖಾಸಗಿ ಯೋಜನೆಯೊಂದಕ್ಕೆ 2020ರಲ್ಲಿ ಅಮೆರಿಕದ ಅಧ್ಯಕ್ಷರ ಅನುಮತಿ ದೊರೆತಿತ್ತಾದರೂ ಮರುವರ್ಷವೇ ಹಣಕಾಸಿನ ಕಾರಣದಿಂದ ಅದು ನೆಲಕಚ್ಚಿತು. ಹಾಗಾಗಿ ನಮ್ಮ ಪಾಲಿಗೆ ಈ ಎರಡು ಹಳಿಗಳ ನಡುವಿನ ಕೊಂಡಿ ಇಂದಿಗೂ ಬಾರ್ಜ್ ಒಂದೇ.

ಆಂಕರೇಜ್‌ಗೆ ಸರಕು ತರಲು ಬೇರೆ ದಾರಿಗಳಿಲ್ಲವೇ ಎಂದು ಕೇಳಿದರೆ, ಇವೆ. ಸಿಯಾಟಲ್ ಬಳಿಯ ಟಕೋಮಾ ಬಂದರಿನಿಂದ ಮ್ಯಾಟ್ಸನ್ ಸಂಸ್ಥೆಯ ಕಂಟೇನರ್ ಹಡಗುಗಳೂ ಟೋಟ್ ಸಂಸ್ಥೆಯ ಟ್ರೇಲರ್ ಹಡಗುಗಳೂ ವಾರದಲ್ಲಿ ಎರಡೆರಡು ಬಾರಿ ಹೊರಟು ಮೂರು-ನಾಲ್ಕು ದಿನಗಳಲ್ಲಿ ಆಂಕರೇಜ್ ಮುಟ್ಟುತ್ತವೆ. ಕೆನಡಾದೊಳಗಿಂದ ಲಾರಿಯಲ್ಲಿ ತರಿಸುವುದಾದರೆ ಸಿಯಾಟಲ್‌ನಿಂದ ಇಲ್ಲಿಗೆ ಸುಮಾರು 3,600 ಕಿಲೋಮೀಟರ್ ರಸ್ತೆ. ಬಾರ್ಜ್‌ಗಾದರೋ ಕಡಲ ಮೇಲೆಯೇ ಒಂದು ವಾರ ಹಿಡಿಯುತ್ತದೆ. ದಿನಗಳ ಲೆಕ್ಕವೊಂದನ್ನೇ ನೋಡುವವರು ಈ ಸೇವೆಯನ್ನು ಆರಿಸಲಾರರು, ನಾನೂ ಮೊದಲು ಆರಿಸಿರಲಿಲ್ಲ. ನನ್ನ ಅಭಿಪ್ರಾಯ ಬದಲಾಗಲು ಕಾರಣವಾದದ್ದು ಹನ್ನೊಂದು ಪೈಪುಗಳು.

ಐದು ವರ್ಷಗಳ ಹಿಂದೆ, ಎರಡೂ ತುದಿಗೆ ತಿರುಪು ಕೊರೆದ ಉಕ್ಕಿನ ಪೈಪುಗಳನ್ನು ಟೆಕ್ಸಾಸ್‌ನ ಕಾರ್ಖಾನೆಯೊಂದರಿಂದ ತರಿಸಿದ್ದೆ. ಅವು ರೈಲಿನಲ್ಲಿ ವಾಷಿಂಗ್ಟನ್ ರಾಜ್ಯದವರೆಗೆ ಸುಖವಾಗಿ ಬಂದವು. ಅಲ್ಲಿ ಸಾಗಣೆ ಮಧ್ಯವರ್ತಿಯೊಬ್ಬರ ಅಂಗಳದಲ್ಲಿ ವ್ಯಾಗನ್‌ನಿಂದ ಇಳಿಸಿ ಟ್ರೇಲರ್‌ಗೆ ತುಂಬುವಾಗ, ಫೋರ್ಕ್‌ಲಿಫ್ಟ್‌ನ ಕಬ್ಬಿಣದ ಬೆರಳುಗಳು ಪೈಪಿನ ತುದಿಗೆ ತಾಗಿ ತಿರುಪಿನ ಅಂಚು ಜಜ್ಜಿಹೋಗಿತ್ತು. ಆಂಕರೇಜ್‌ನಲ್ಲಿ ರಕ್ಷಣೆಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಬೆರಳಾಡಿಸಿ ನೋಡಿದಾಗಲೇ ತಿಳಿದದ್ದು. ಹನ್ನೊಂದು ಪೈಪುಗಳು ಕೆಲಸಕ್ಕೆ ಬಾರದಾದವು. ಬದಲಿ ಪೈಪು ಬರುವಷ್ಟರಲ್ಲಿ ನೆಲ ಹೆಪ್ಪುಗಟ್ಟಿ, ನಮ್ಮ ಗ್ರಾಹಕರು ಆ ವರ್ಷದ ಕೆಲಸವನ್ನೇ ಮುಂದೂಡಬೇಕಾಯಿತು. ತುಂಬುವ ಮತ್ತು ಇಳಿಸುವ ಪ್ರತಿಯೊಂದು ತಾಣವೂ ಸರಕಿಗೆ ಒಂದೊಂದು ಗಂಡಾಂತರವೆಂಬುದನ್ನು ನಾನು ಅಲ್ಲಿಯವರೆಗೆ ಕಾಗದದ ಮೇಲೆ ಓದಿದ್ದೆ, ಅಂದು ಕೈಯಿಂದ ಮುಟ್ಟಿ ತಿಳಿದೆ.

ರೈಲು ಬಾರ್ಜ್‌ನ ಹಿರಿಮೆ ಇರುವುದು ಇಲ್ಲಿ. ಟೆಕ್ಸಾಸ್‌ನಲ್ಲಿ ಕಾರ್ಖಾನೆಯವರು ತಮ್ಮದೇ ಕ್ರೇನಿನಿಂದ, ತಮಗೆ ರೂಢಿಯಾದ ರೀತಿಯಲ್ಲಿ ಚಪ್ಪಟೆ ವ್ಯಾಗನ್ ಮೇಲೆ ಪೈಪು ಜೋಡಿಸಿ ಪಟ್ಟಿ ಬಿಗಿದರೆ, ಆ ಪಟ್ಟಿಯನ್ನು ಮುಂದೆ ಬಿಚ್ಚುವವರು ಆಂಕರೇಜ್ ಅಥವಾ ಫೇರ್‌ಬ್ಯಾಂಕ್ಸ್‌ನಲ್ಲಿ ನಾವೇ. ಬಿ.ಎನ್.ಎಸ್.ಎಫ್. ಅಥವಾ ಯೂನಿಯನ್ ಪೆಸಿಫಿಕ್ ರೈಲ್ವೆ ಆ ವ್ಯಾಗನ್ ಅನ್ನು ಸಿಯಾಟಲ್‌ಗೆ ತಲುಪಿಸುತ್ತದೆ. ಹಳಿಯ ಅಗಲ ಎರಡೂ ಕಡೆ 1,435 ಮಿಲಿಮೀಟರ್ ಆದ್ದರಿಂದ ಗಾಲಿ ಬದಲಿಸುವ ಪ್ರಶ್ನೆಯೂ ಇಲ್ಲ. ಒಂದು ವ್ಯಾಗನ್‌ನಲ್ಲಿ ಮೂರರಿಂದ ನಾಲ್ಕು ಲಾರಿಗಳ ಸರಕು ಹಿಡಿಯುತ್ತದೆ. ನಾಲ್ಕು ವರ್ಷಗಳಲ್ಲಿ ಈ ಮಾರ್ಗದಿಂದ ಬಂದ ನಮ್ಮ ಪೈಪುಗಳಲ್ಲಿ ತುದಿ ಜಜ್ಜಿದ್ದು ಒಂದೂ ಇಲ್ಲ. ಈ ಸೇವೆಗೆ ನಾನು ಕೊಡುವ ಮೆಚ್ಚುಗೆಯ ಬಹುಪಾಲು ಈ ಒಂದು ವಾಕ್ಯಕ್ಕೇ ಸಲ್ಲುತ್ತದೆ.

ಬಾರ್ಜ್‌ನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ನೋಡದವರಿಗೆ ಕಣ್ಣಿಗೆ ಕಟ್ಟುವುದು ಕಷ್ಟ. ಉದ್ದ 400 ಅಡಿಗೂ ಹೆಚ್ಚು, ಅಗಲ 100 ಅಡಿ; ಮೇಲ್ಮೈಯಲ್ಲಿ ಉದ್ದಕ್ಕೂ ಎಂಟು ಸಾಲು ಹಳಿ. ವ್ಯಾಗನ್‌ಗಳ ಅಳತೆಗೆ ತಕ್ಕಂತೆ ಐವತ್ತರ ಆಸುಪಾಸು ವ್ಯಾಗನ್‌ಗಳು ಹಿಡಿಯುತ್ತವೆ. ಅವುಗಳ ನೆತ್ತಿಯ ಮೇಲೆ ಉಕ್ಕಿನ ಕಂಬಗಳ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಕಂಟೇನರ್‌ಗಳನ್ನು ಪೇರಿಸುತ್ತಾರೆ. ಕೆಳಗೆ ಗೂಡ್ಸ್ ಗಾಡಿ, ಮೇಲೆ ಅಟ್ಟ ಎಂದುಕೊಂಡರೆ ಸರಿಯಾದೀತು. ಬಾರ್ಜ್‌ಗೆ ತನ್ನದೇ ಆದ ಎಂಜಿನ್ ಇಲ್ಲ. ಮುಂದಿನ ಟಗ್ ದೋಣಿ ನೂರಾರು ಮೀಟರ್ ಉದ್ದದ ಉಕ್ಕಿನ ಹಗ್ಗದಿಂದ ಅದನ್ನು ಎಳೆಯುತ್ತದೆ. ಆ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುವುದಿಲ್ಲ. ತನ್ನ ಭಾರಕ್ಕೆ ತಾನೇ ನೀರಿನೊಳಗೆ ಜೋಲುವಂತೆ ಬಿಡುತ್ತಾರೆ. ಅಲೆಗೆ ಸಿಕ್ಕಿ ಟಗ್ ಒಂದು ಕಡೆ, ಬಾರ್ಜ್ ಇನ್ನೊಂದು ಕಡೆ ಜಗ್ಗಿದಾಗ ಆ ಜೋಲುವಿಕೆಯೇ ಏಟನ್ನು ನುಂಗಿಕೊಳ್ಳುತ್ತದೆ.

ನಾನು ಸುರತ್ಕಲ್ ಕಡೆಯವನು. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸಾಮಾನು ತುಂಬುವುದನ್ನು ಚಿಕ್ಕಂದಿನಲ್ಲಿ ನೋಡುತ್ತ ನಿಂತದ್ದುಂಟು. ಯಾವ ಮೂಟೆ ಯಾವ ಪಕ್ಕಕ್ಕೆ ಎಂದು ತುಂಬಿಸುವವರು ಒಂದೇ ಸಮನೆ ಕೂಗುತ್ತಿದ್ದರು, ಒಂದೇ ಬದಿಗೆ ಭಾರ ಹೆಚ್ಚಾದರೆ ಮಂಜಿ ವಾಲುತ್ತಿತ್ತು. ಇಲ್ಲಿಯೂ ಲೆಕ್ಕ ಅದೇ, ಮೂಟೆಯ ಬದಲು ನೂರು ಟನ್ನಿನ ವ್ಯಾಗನ್ ಎಂಬುದಷ್ಟೇ ವ್ಯತ್ಯಾಸ. ಎಂಟು ಹಳಿಗಳಲ್ಲಿ ಎಡದ ತುದಿಯದನ್ನು ಪೂರ್ತಿ ತುಂಬಿ ಆಮೇಲೆ ಬಲಕ್ಕೆ ಹೋಗುವಂತಿಲ್ಲ. ನಡುವಿನಿಂದ ಆರಂಭಿಸಿ ಎಡ-ಬಲಗಳನ್ನು ಸರಿದೂಗಿಸುತ್ತ, ಯಾವ ವ್ಯಾಗನ್‌ನ ತೂಕ ಎಷ್ಟು ಎಂಬ ಪಟ್ಟಿಯನ್ನು ಕೈಯಲ್ಲಿ ಹಿಡಿದು ಶಂಟಿಂಗ್ ನಡೆಸಬೇಕು. ನಾವು ಕಳುಹಿಸುವ ಕಾಗದದಲ್ಲಿ ತೂಕವನ್ನು ಸರಿಯಾಗಿ ನಮೂದಿಸಬೇಕೆಂದು ಅವರು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ. ದಡಕ್ಕೂ ಬಾರ್ಜ್‌ಗೂ ನಡುವೆ ಏರಿಳಿಯುವ ಸೇತುವೆಯೊಂದಿದೆ. ವಿಟಿಯರ್‌ನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಕಡಲಿನ ಮಟ್ಟ ನಾಲ್ಕು ಮೀಟರ್ ದಾಟಿ ಏರಿಳಿಯುವುದರಿಂದ, ಸೇತುವೆಯ ಇಳಿಜಾರು ವ್ಯಾಗನ್‌ಗೆ ಒಗ್ಗುವ ಹೊತ್ತನ್ನು ನೋಡಿಕೊಂಡೇ ಕೆಲಸ ನಡೆಯಬೇಕು.

ಒಂದು ಅಕ್ಟೋಬರ್ ಬೆಳಿಗ್ಗೆ ನಮ್ಮ ಎರಡು ವ್ಯಾಗನ್‌ಗಳು ಇಳಿಯುವುದನ್ನು ನೋಡಲೆಂದೇ ನಾನು ವಿಟಿಯರ್‌ಗೆ ಹೋಗಿದ್ದೆ. ಆ ಊರಿಗೆ ವರ್ಷಕ್ಕೆ 4,500 ಮಿಲಿಮೀಟರಿಗೂ ಹೆಚ್ಚು ಮಳೆ-ಹಿಮ ಸುರಿಯುತ್ತದೆ, ಅಂದೂ ಸೋನೆ ಹಿಡಿದಿತ್ತು. ಕಡಲಿನ ಮೇಲೆ ವ್ಯಾಗನ್‌ಗಳು ತಮ್ಮ ಗಾಲಿಗಳ ಮೇಲಷ್ಟೇ ನಿಂತಿರುವುದಿಲ್ಲ. ಚೌಕಟ್ಟಿನ ಮೂಲೆಗಳ ಕೆಳಗೆ ಜಾಕ್ ಕೊಟ್ಟು, ಸ್ಪ್ರಿಂಗ್‌ಗಳ ಮೇಲಿನ ಭಾರವನ್ನು ಇಳಿಸಿ, ನಾಲ್ಕೂ ಮೂಲೆಗಳಿಂದ ಬಾರ್ಜ್‌ನ ಮೈಗೆ ಸರಪಳಿ ಬಿಗಿದಿರುತ್ತಾರೆ. ಹಾಗೆ ಮಾಡದಿದ್ದರೆ ಸ್ಪ್ರಿಂಗ್‌ಗಳು ಅಲೆಯ ಲಯಕ್ಕೆ ಕುಣಿದು ವ್ಯಾಗನ್ ಅನ್ನು ಅತ್ತಿತ್ತ ಒಲೆದಾಡಿಸುತ್ತವೆ. ದಪ್ಪ ಕೈಗವಸು ತೊಟ್ಟ ಇಬ್ಬರು ಕೆಲಸಗಾರರು ಒಂದೊಂದೇ ಸರಪಳಿಯ ಬಿಗಿ ಸಡಿಲಿಸಿ, ಅದನ್ನು ಎಳೆದುಕೊಂಡು ಹೋಗಿ ಪಕ್ಕಕ್ಕೆ ರಾಶಿ ಹಾಕುತ್ತಿದ್ದರು. ಕೊನೆಯ ಜಾಕ್ ಇಳಿದಾಗ ನಮ್ಮ ವ್ಯಾಗನ್ ಎರಡು ಬೆರಳಿನಷ್ಟು ಕೆಳಗೆ ಕೂತಿತು, ಸ್ಪ್ರಿಂಗ್ ನರಳಿದ ಸದ್ದು ಕೇಳಿಸಿತು. ಕೊಂಡಿಯ ಮೇಲೆ ಉಪ್ಪು ತೆಳ್ಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಪೈಪುಗಳಿಗೆ ಹೊದಿಸಿದ್ದ ತಾಡಪಾಲಿನ ಮಡಿಕೆಯಲ್ಲಿ ನಿಂತ ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದೆ, ಅದೂ ಉಪ್ಪಾಗಿತ್ತು. ಕಾರ್ಖಾನೆಯವರು ಬಿಗಿದ ಪಟ್ಟಿಗಳು ಮಾತ್ರ ಹಾಗೆಯೇ ಇದ್ದವು, ಪಟ್ಟಿಯ ಮೇಲೆ ಅವರು ಬಳಿದಿದ್ದ ಹಳದಿ ಗುರುತು ಒಂದಿಂಚೂ ಸರಿದಿರಲಿಲ್ಲ.

ಉಪ್ಪಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮುಚ್ಚಿದ ಬಾಕ್ಸ್ ವ್ಯಾಗನ್‌ನಲ್ಲಿ ಬರುವ ಸರಕಿಗೆ ಚಿಂತೆಯಿಲ್ಲ. ತೆರೆದ ವ್ಯಾಗನ್‌ನಲ್ಲಿ ಬಣ್ಣ ಬಳಿಯದ ಉಕ್ಕು, ಯಂತ್ರದ ನುಣುಪು ಭಾಗ, ತಾಮ್ರದ ತಂತಿ ಮುಂತಾದುವನ್ನು ಕಳುಹಿಸುವವರು ತಾಡಪಾಲನ್ನು ನಂಬಿ ಕೂರಬಾರದು. ಎಣ್ಣೆಯ ಲೇಪ ಕೊಟ್ಟು, ಒಳಗೊಂದು ಪದರ ಪ್ಲಾಸ್ಟಿಕ್ ಸುತ್ತಿಸಿ ಕಳುಹಿಸುವುದು ಒಳ್ಳೆಯದು. ಇದು ಸಾಗಿಸುವವರ ದೋಷವಲ್ಲ, ಕಡಲಿನ ಸ್ವಭಾವ. ಆದರೆ ಭೂಮಾರ್ಗದ ರೈಲಿಗೆ ಒಗ್ಗಿದ ಕಾರ್ಖಾನೆಯವರಿಗೆ ನಾವೇ ಬಾಯಿಬಿಟ್ಟು ಹೇಳದ ಹೊರತು ಅದು ಹೊಳೆಯುವುದಿಲ್ಲ.

ದಾರಿಯ ಮೊದಲ ಭಾಗ ವ್ಯಾಂಕೂವರ್ ದ್ವೀಪ ಮತ್ತು ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ದ್ವೀಪಗಳ ಮರೆಯಲ್ಲಿ ಸಾಗುವ ಒಳಗಾಲುವೆಯಂಥ ನೀರು. ಅಲ್ಲಿ ಅಲೆ ಕಡಿಮೆ. ಆ ಮರೆ ಮುಗಿದು ಅಲಾಸ್ಕಾ ಕೊಲ್ಲಿಯ ಬಯಲಿಗೆ ಬಂದ ಮೇಲೆ ಚಳಿಗಾಲದ ಬಿರುಗಾಳಿಗೆ ತಡೆಯೇ ಇಲ್ಲ. ಬಳಿಕ ಪ್ರಿನ್ಸ್ ವಿಲಿಯಂ ಸೌಂಡ್ ಹೊಕ್ಕು, ಬೆಟ್ಟಗಳ ನಡುವೆ ಚಾಚಿರುವ ಕಿರಿದಾದ ಕಡಲ ತೋಳಿನ ತುದಿಯಲ್ಲಿ ವಿಟಿಯರ್ ಸಿಗುತ್ತದೆ. ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರೆಂದು ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೇನೆ ಈ ತಾಣವನ್ನು ಆರಿಸಿ, 1941ರಿಂದ 1943ರ ನಡುವೆ ಬೆಟ್ಟ ಕೊರೆದು ಹಳಿ ತಂದಿತು. 1964ರ ಮಾರ್ಚ್ 27ರ ಮಹಾಭೂಕಂಪ ಮತ್ತು ಅದರ ಹಿಂದೆಯೇ ನುಗ್ಗಿದ ಅಲೆಗಳಿಂದ ಇಲ್ಲಿ 13 ಜನ ಸತ್ತರು. 1960ರ ದಶಕದಿಂದಲೇ ಈ ಬಂದರಿಗೆ ವ್ಯಾಗನ್ ಹೊತ್ತ ಬಾರ್ಜ್‌ಗಳು ಬರುತ್ತಿವೆ. ಆಂಟನ್ ಆಂಡರ್ಸನ್ ಹೆಸರಿನ ಆ ಸುರಂಗ ನಾಲ್ಕು ಕಿಲೋಮೀಟರ್ ಉದ್ದವಿದೆ. 2000ದ ಜೂನ್‌ನಿಂದ ಅದರೊಳಗೆ ಕಾರುಗಳಿಗೂ ಪ್ರವೇಶ ಕೊಟ್ಟಿದ್ದಾರೆ. ಒಂದೇ ಹಾದಿಯಾದ್ದರಿಂದ ರೈಲು ಬಂದಾಗ ಕಾರು ಕಾಯಬೇಕು, ಈ ಬದಿಯ ಕಾರು ಹೋಗುವಾಗ ಆ ಬದಿಯದು ಕಾಯಬೇಕು. ನಮ್ಮ ವ್ಯಾಗನ್‌ಗಳು ಇದೇ ಸುರಂಗ ದಾಟಿ, ನೂರು ಕಿಲೋಮೀಟರ್ ಆಚೆಯ ಆಂಕರೇಜ್ ಸೇರುತ್ತವೆ.

ಊರಿನವರಿಗೆ ಈ ಸೇವೆಯನ್ನು ವಿವರಿಸುವಾಗ ನಾನು ಕೊಂಕಣ ರೈಲ್ವೆಯ ರೋ-ರೋ ಸೇವೆಯನ್ನು ನೆನಪಿಸುತ್ತೇನೆ. ಸುರತ್ಕಲ್ ನಿಲ್ದಾಣದಲ್ಲಿ ತುಂಬಿದ ಲಾರಿಗಳು ಚಾಲಕರ ಸಮೇತ ಚಪ್ಪಟೆ ವ್ಯಾಗನ್ ಹತ್ತಿ ಮಹಾರಾಷ್ಟ್ರದ ಕೊಲಾಡ್‌ಗೆ ಹೋಗುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಅಲ್ಲಿ ಲಾರಿಯನ್ನು ರೈಲು ಹೊರುತ್ತದೆ, ಇಲ್ಲಿ ರೈಲನ್ನು ಕಡಲು ಹೊರುತ್ತದೆ; ಸರಕನ್ನು ಮಧ್ಯೆ ಮುಟ್ಟಬಾರದೆಂಬ ಉದ್ದೇಶ ಎರಡಕ್ಕೂ ಒಂದೇ. ನಮ್ಮ ದೇಶದಲ್ಲಿಯೇ ಬ್ರಹ್ಮಪುತ್ರಾ ನದಿಯ ಮೇಲೆ ಅಮೀನ್‌ಗಾಂವ್ ಮತ್ತು ಪಾಂಡು ಘಾಟ್‌ಗಳ ನಡುವೆ ವ್ಯಾಗನ್‌ಗಳನ್ನು ದೋಣಿಯಲ್ಲಿ ದಾಟಿಸುವ ವ್ಯವಸ್ಥೆಯಿತ್ತು. 1962ರಲ್ಲಿ ಸರಾಯ್‌ಘಾಟ್ ಸೇತುವೆ ತೆರೆದ ಮೇಲೆ ಅದರ ಅಗತ್ಯ ಮುಗಿಯಿತು. ನದಿಗೆ ಸೇತುವೆ ಕಟ್ಟಬಹುದು. ಅಲಾಸ್ಕಾ ಕೊಲ್ಲಿಗೆ ಕಟ್ಟಲಾಗದು.

ಇನ್ನು ಕುಂದುಗಳ ವಿಚಾರ. ಮೊದಲನೆಯದು, ಮತ್ತು ನನ್ನನ್ನು ಹೆಚ್ಚು ಕಾಡಿದ್ದು, ಬಾರ್ಜ್ ಹೊರಡುವುದು ವಾರಕ್ಕೊಮ್ಮೆ ಎಂಬುದು. ಒಂದು ದಿನ ತಡವಾದರೆ ನಷ್ಟ ಒಂದು ದಿನದ್ದಲ್ಲ, ಒಂದು ವಾರದ್ದು. ಎರಡು ವರ್ಷಗಳ ಹಿಂದೆ ನಮ್ಮ ಪರವಾಗಿ ಕಾಗದಪತ್ರ ಸಲ್ಲಿಸಬೇಕಿದ್ದ ದಲ್ಲಾಳಿಯೊಬ್ಬರು ಒಂದು ವ್ಯಾಗನ್‌ನ ಸಂಖ್ಯೆಯಲ್ಲಿ ಒಂದಂಕಿ ತಪ್ಪು ಬರೆದ ಕಾರಣ, ಛಾವಣಿ ತಗಡು ತುಂಬಿದ ವ್ಯಾಗನ್ ಸಿಯಾಟಲ್‌ನ ಅಂಗಳದಲ್ಲಿ ಕಣ್ಣೆದುರೇ ನಿಂತಿದ್ದರೂ ಬಾರ್ಜ್ ಅದನ್ನು ಬಿಟ್ಟು ಹೊರಟಿತು. ಸೆಪ್ಟೆಂಬರ್ ಕೊನೆಯ ವಾರ ಅದು. ಹಿಮ ಬೀಳುವ ಮೊದಲು ಛಾವಣಿ ಹೊದಿಸಬೇಕೆಂದು ಕಾಯುತ್ತಿದ್ದವರ ಮುಂದೆ ನಿಂತು ಇನ್ನೊಂದು ವಾರ ತಾಳಿ ಎಂದು ಹೇಳಿದ ಸಂಕಟ ನನಗಿನ್ನೂ ಮರೆತಿಲ್ಲ. ಅಂದಿನಿಂದ ವ್ಯಾಗನ್ ಸಂಖ್ಯೆಯನ್ನು ಕಾರ್ಖಾನೆಯವರು ತೆಗೆದ ಚಿತ್ರದೊಡನೆ ನಾನೇ ತಾಳೆ ನೋಡುತ್ತೇನೆ.

ಎರಡನೆಯದು ಹವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಲ್ಲಿಯಲ್ಲಿ ಗಾಳಿ ಎದ್ದರೆ ಟಗ್‌ನ ನಾಯಕರು ಮರೆಯಿರುವ ಕಡೆ ನಿಂತು ಕಾಯುತ್ತಾರೆ, ಕಾಯಲೇಬೇಕು. ಐವತ್ತು ವ್ಯಾಗನ್‌ಗಳನ್ನು ಹೊತ್ತ ಬಾರ್ಜ್ ಅನ್ನು ಬಿರುಗಾಳಿಗೆ ಒಡ್ಡದ ಅವರ ಎಚ್ಚರವನ್ನು ನಾನು ಗೌರವಿಸುತ್ತೇನೆ. ಆದರೆ ಏಳು ದಿನವೆಂಬ ಲೆಕ್ಕವನ್ನು ಚಳಿಗಾಲದಲ್ಲಿ ಗ್ರಾಹಕರಿಗೆ ಮಾತು ಕೊಡಲು ಬಳಸಬಾರದು. ನಾನು ಹನ್ನೆರಡು ದಿನವೆಂದು ಹೇಳುತ್ತೇನೆ, ಬೇಗ ಬಂದರೆ ಅವರಿಗೂ ಸಂತೋಷ.

ಮೂರನೆಯದು ಪರ್ಯಾಯ ಇಲ್ಲದಿರುವುದು. ಕೆನಡಾದ ಪ್ರಿನ್ಸ್ ರೂಪರ್ಟ್ ಬಂದರಿನಿಂದ ವಿಟಿಯರ್‌ಗೆ ಸಿ.ಎನ್. ರೈಲ್ವೆಯವರು ನಡೆಸುತ್ತಿದ್ದ ಆಕ್ವಾಟ್ರೇನ್ ಎಂಬ ಇಂಥದೇ ಸೇವೆ 2021ರಲ್ಲಿ ನಿಂತುಹೋಯಿತು. ಕೆನಡಾದಿಂದ ಬರುವ ಮರ ಮತ್ತು ರಾಸಾಯನಿಕಗಳಿಗೆ ಅದು ಹತ್ತಿರದ ದಾರಿಯಾಗಿತ್ತು, ಕಡಲ ದೂರವೂ ಬಹಳ ಕಡಿಮೆ. ಈಗ ಆ ಸರಕೂ ಸಿಯಾಟಲ್‌ಗೆ ಇಳಿದು ಬರಬೇಕು. ಅಮೆರಿಕದ ಎರಡು ಬಂದರುಗಳ ನಡುವಿನ ಸರಕನ್ನು ಅಮೆರಿಕದಲ್ಲಿಯೇ ಕಟ್ಟಿದ, ಅಮೆರಿಕನ್ನರ ಒಡೆತನದ ನೌಕೆಗಳೇ ಸಾಗಿಸಬೇಕೆಂದು 1920ರ ಕಾಯ್ದೆ ವಿಧಿಸುವುದರಿಂದ, ಹೊಸಬರು ಅಗ್ಗದ ಬಾರ್ಜ್ ತಂದು ಪೈಪೋಟಿಗೆ ಇಳಿಯುವುದೂ ಸುಲಭವಲ್ಲ. ಸೇವೆ ಚೆನ್ನಾಗಿದ್ದರೂ ಒಂದೇ ಬಾಗಿಲಿನ ಮನೆಯಲ್ಲಿರುವ ಆತಂಕ ಖರೀದಿದಾರನಿಗೆ ಇದ್ದೇ ಇರುತ್ತದೆ.

ಸಣ್ಣ ವಿಷಯಗಳನ್ನೂ ಹೇಳಬೇಕು. ವ್ಯಾಗನ್‌ಗಳ ಮೇಲೆ ಕಂಟೇನರ್ ಚೌಕಟ್ಟು ಇರುವುದರಿಂದಲೂ ಮುಂದೆ ಸುರಂಗ ಇರುವುದರಿಂದಲೂ, ಎತ್ತರದ ಅಥವಾ ಅಗಲದ ಸರಕಿದ್ದರೆ ಅಳತೆಗಳನ್ನು ಮೊದಲೇ ಕೊಟ್ಟು ಒಪ್ಪಿಗೆ ಪಡೆಯಬೇಕು. ಖಾಲಿಯಾದ ವ್ಯಾಗನ್ ಮರಳುವುದೂ ಬಾರ್ಜ್‌ನಲ್ಲಿಯೇ ಆದ್ದರಿಂದ, ಇಳಿಸುವ ಕೆಲಸ ತಡವಾದರೆ ವ್ಯಾಗನ್ ಬಾಡಿಗೆ ಏರುತ್ತ ಹೋಗುತ್ತದೆ. ಆಂಕರೇಜ್‌ನಲ್ಲಿ ಸ್ವಂತ ಹಳಿ ಇಲ್ಲದವರು ಸರಕನ್ನು ಇಳಿಸಲು ಬೇರೆ ಅಂಗಳವನ್ನು ಗೊತ್ತುಮಾಡಿಕೊಂಡಿರಬೇಕು, ಆ ಖರ್ಚನ್ನು ಮೊದಲ ಲೆಕ್ಕದಲ್ಲಿಯೇ ಸೇರಿಸಬೇಕು.

ಹಾಗಾದರೆ ಯಾರು ಇದನ್ನು ಬಳಸಬೇಕು? ಹಣ್ಣು-ತರಕಾರಿ, ಔಷಧ, ತುರ್ತಿನ ಬಿಡಿಭಾಗಗಳನ್ನು ತರಿಸುವವರು ಟಕೋಮಾದ ಹಡಗುಗಳನ್ನೇ ಹಿಡಿಯಲಿ. ಒಂದೆರಡು ಟನ್ ಸರಕಿರುವವರಿಗೆ ಇಡೀ ವ್ಯಾಗನ್ ಹಿಡಿಯುವುದು ದಂಡ. ಪೈಪು, ತೊಲೆ, ಸಿಮೆಂಟು, ಕೊರೆಯುವ ಕೆಲಸದ ರಾಸಾಯನಿಕ, ಭಾರಿ ಯಂತ್ರ ಮುಂತಾದುವನ್ನು ತಿಂಗಳ ಮುಂಚೆಯೇ ಯೋಜಿಸಿ ತರಿಸಬಲ್ಲವರು, ಅದರಲ್ಲಿಯೂ ಫೇರ್‌ಬ್ಯಾಂಕ್ಸ್‌ವರೆಗೆ ಹಳಿಯ ಮೇಲೆಯೇ ಒಯ್ಯಬೇಕಾದವರು, ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿತವಾದ ಒಂದು ಅಂಕ ವಾರಕ್ಕೊಮ್ಮೆಯ ವೇಳಾಪಟ್ಟಿಗೆ. ಬೇಸಿಗೆಯ ಕಾಮಗಾರಿಗೆ ಸರಕು ಬೇಕಿರುವವರು ಫೆಬ್ರವರಿಯಲ್ಲಿಯೇ ಜಾಗ ಕಾಯ್ದಿರಿಸಿ. ನೆಲ ಕರಗುವ ಹೊತ್ತಿಗೆ ಎಲ್ಲರಿಗೂ ಒಮ್ಮೆಗೇ ಸರಕು ಬೇಕಾಗುತ್ತದೆ, ಬಾರ್ಜ್ ಮೇಲಿನ ಹಳಿ ಮಾತ್ರ ಆಗಲೂ ಎಂಟೇ.